ಗುಳ್ಳೆಯಮ್ಮನ ಒಡೆಯದ ಗುಳ್ಳೆಗಳು

ಗುಳ್ಳೆಯಮ್ಮನ ಮನೆ ಯಾವುದೆಂದು ಕೇಳಿದರೆ ನಮ್ಮ ಬೀದಿಯಲ್ಲಿ ಯಾರಾದರೂ ತೋರಿಸುತ್ತಾರೆ. ಆ ಹೆಸರಿಟ್ಟವಳು ಅವಳ ಅತ್ತೆ. ಮೊದಲು ಗೇಲಿಗೆ ಇಟ್ಟದ್ದು. ಈಗ ಅದೇ ಅತ್ತೆ ಎದೆಯುಬ್ಬಿಸಿ ಕರೆಯುತ್ತಾಳೆ. ಗೇಲಿ ಹೇಗೆ ಹೆಮ್ಮೆಯಾಯಿತು ಅಂತೀರಾ? ಹೇಳುತ್ತೇನೆ.

ಅವಳು ಹಾಸ್ಟೆಲಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದವಳು. ಬೆಳ್ಳುಳ್ಳಿಯ ಮೇಲೆ ಸಂಶೋಧನೆ ನಡೆಸುವ ಕಾಲೇಜಿನ ಪ್ರಯೋಗಾಲಯದವರಿಗೆ ಸುಲಿಯುವ ಕೈ ಬೇಕಾಯಿತು, ಅಲ್ಲಿಗೆ ಹೋದಳು. ಗಾಜಿನ ಸಾಮಾನು ತೊಳೆಯುವ ಕೆಲಸವೂ ಹೆಗಲಿಗೆ ಬಂತು. ಸಂಜೆ ಮನೆಗೆ ಬಂದರೆ ಅತ್ತೆ ಮೂಗು ಮುಚ್ಚಿಕೊಳ್ಳುತ್ತಿದ್ದಳು.

"ಆಚೆ ನಿಂತ್ಕೊಳೇ ತಾಯಿ! ಹಾಸ್ಟೆಲಲ್ಲೂ ಇದೇ ನಾತ, ಕಾಲೇಜಿಗೆ ಹೋದ್ರೂ ಇದೇ ನಾತ."

"ಅಲ್ಲಿ ಹೊಟ್ಟೆಗೆ, ಇಲ್ಲಿ ವಿಜ್ಞಾನಕ್ಕೆ, ಅತ್ತೆ."

"ಮೂಗಿಗೆ ಅದೆಲ್ಲ ಗೊತ್ತಾಗುತ್ತಾ?"

ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ಇವಳಿಗೆ ಗುಳ್ಳೆ ಮಾಡುವುದನ್ನು ಕಲಿಸಿದಳು. ನಮ್ಮ ಮೈಯ ಒಂದೊಂದು ಜೀವಕೋಶದ ಸುತ್ತಲೂ ಕೊಬ್ಬಿನ ತೆಳುವಾದ ಪೊರೆಯಿದೆ. ಅಂಥದೇ ಪೊರೆಯನ್ನು ಮೊಟ್ಟೆಯ ಹಳದಿಯಿಂದ ತೆಗೆದ ಕೊಬ್ಬಿನಿಂದ ಕಟ್ಟಬಹುದು. ಫ್ಲಾಸ್ಕ್ ಎನ್ನುವ ದುಂಡು ಗಾಜಿನ ಬುರುಡೆಯ ಒಳಮೈಗೆ ಆ ಕೊಬ್ಬು ತೆಳ್ಳಗೆ ಅಂಟುವಂತೆ ಒಣಗಿಸಿ, ಬಣ್ಣದ ನೀರು ಹಾಕಿ, ಮೆಲ್ಲಗೆ ತಿರುಗಿಸುತ್ತಾ ಹೋಗಬೇಕು. ಕೊಬ್ಬು ಎದ್ದು, ಕಣ್ಣಿಗೆ ಕಾಣದ ಗುಳ್ಳೆಗಳಾಗಿ, ಬಣ್ಣವನ್ನು ಹೊಟ್ಟೆಗೆ ತುಂಬಿಕೊಳ್ಳುತ್ತದೆ. ಅವಸರಪಟ್ಟರೆ ಕೆಟ್ಟಿತು. ಇವಳ ಮಣಿಕಟ್ಟಿಗೆ ಅವಸರವೆಂಬುದೇ ಗೊತ್ತಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಅತ್ತೆ ನಕ್ಕಳು. "ಕಣ್ಣಿಗೆ ಕಾಣದ ಗುಳ್ಳೆ ಮಾಡ್ತೀಯಾ? ಬಾರಮ್ಮ ಗುಳ್ಳೆಯಮ್ಮ, ಕಾಣೋ ಪಾತ್ರೆ ಅಲ್ಲಿ ಬಿದ್ದಿವೆ, ತೊಳಿ."

ಹುಡುಗಿಯ ಪ್ರಶ್ನೆ ಒಂದೇ. ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಘಾಟಿನ ವಸ್ತುವಿಗೆ ಅಲಿಸಿನ್ ಎನ್ನುತ್ತಾರೆ. ಅದು ಪೊರೆಯನ್ನು ಒಡೆದು ಒಳಗೆ ಹೋಗುತ್ತದೋ, ಒಡೆಯದೆ ನುಸುಳುತ್ತದೋ? ಒಂದು ಬಗೆಯ ಗುಳ್ಳೆಯೊಳಗೆ ಹಳದಿ ಬಣ್ಣ. ಅಲಿಸಿನ್ ಒಳಗೆ ಬಂದರೆ ಅದು ಮಾಸುತ್ತದೆ. ಇನ್ನೊಂದು ಬಗೆಯದರಲ್ಲಿ ಒತ್ತಿ ತುಂಬಿದ ಬೇರೆ ಬಣ್ಣ. ಒಳಗಿರುವಷ್ಟು ಹೊತ್ತು ಮಂಕು, ಗುಳ್ಳೆ ಒಡೆದು ಚೆಲ್ಲಿತೋ, ಹಸಿರಾಗಿ ಮಿನುಗುತ್ತದೆ. ಹಳದಿ ಮಾಸಬೇಕು, ಹಸಿರು ಮಿನುಗಬಾರದು. ಆಗ ನುಸುಳಿತು ಎಂದರ್ಥ.

ಬೇರೆ ಕಾಲೇಜಿನ ಹಿರಿಯ ಪ್ರೊಫೆಸರ್ ಎದುರು ಇದನ್ನು ಮಾಡಿ ತೋರಿಸುವ ದಿನ ಬಂತು. ಗುಳ್ಳೆಗಳನ್ನು ಮೊದಲ ಸಲ ಪೂರ್ತಿಯಾಗಿ ಇವಳೇ ಮಾಡಿದ್ದಳು.

"ಸರಿಹೋದ್ರೆ ಇನ್ಮೇಲೆ ಗುಳ್ಳೆ ಕೆಲಸ ನಿಮ್ದೇ ಅಕ್ಕ," ಎಂದಳು ಹುಡುಗಿ.

"ಹೋಗದಿದ್ರೆ?"

"ನಮ್ಮಿಬ್ರಿಗೂ ಸಿಂಕೇ ಗತಿ."

ಗಾಜಿನ ಚಿಕ್ಕ ನಳಿಕೆಗಳಿಗೆ ಮೊದಲು ಒತ್ತಿ ತುಂಬಿದ ಬಣ್ಣದ ಗುಳ್ಳೆ ಹಾಕಿದರು. ಒಂದಕ್ಕೆ ಬೆಳ್ಳುಳ್ಳಿಯ ಸತ್ವ ಬಿಟ್ಟರು, ಹೋಲಿಸಿ ನೋಡಲು ಇನ್ನೊಂದನ್ನು ಹಾಗೇ ಇಟ್ಟರು. ಎರಡೂ ಹಸಿರಾಗಿ ಮಿನುಗಿದವು!

"ಬೆಳ್ಳುಳ್ಳಿ ತಾಗದೇನೇ ಒಡೆದಿವೆ," ಎಂದರು ಪ್ರೊಫೆಸರ್. "ಗುಳ್ಳೆಯೇ ಸರಿಯಿಲ್ಲ. ಯಾರು ಮಾಡಿದ್ದು?"

"ನಾನೇ ಸರ್," ಎಂದುಬಿಟ್ಟಳು ಹುಡುಗಿ.

ಸಿಂಕಿನ ಬಳಿ ನಿಂತಿದ್ದ ಗುಳ್ಳೆಯಮ್ಮ ನಳಿಕೆಗಳತ್ತ ನೋಡಿದಳು. ಕನ್ನಡಿಯಂತೆ ಹೊಳೆಯುತ್ತಿದ್ದವು. ಹೊಳೆಯದೆ ಏನು? ದೊಡ್ಡವರು ಬರುತ್ತಾರೆಂದು ಬೆಳಗ್ಗೆ ತಾನೇ ಸೋಪು ಹಾಕಿ ತಿಕ್ಕಿದ್ದಳಲ್ಲ! ಆ ನಳಿಕೆಗಳಿಗೆ ಸೋಪು ಮುಟ್ಟಿಸಬಾರದೆಂಬುದು ಅಲ್ಲಿನ ನಿಯಮ. ಜಿಡ್ಡು ಬಿಡಿಸುವ ಸೋಪು ಕೊಬ್ಬಿನ ಗುಳ್ಳೆಯನ್ನು ಉಳಿಸೀತೇ? ಸಂಭ್ರಮದಲ್ಲಿ ಮರೆತಿದ್ದಳು.

ಕೈ ಒರೆಸಿಕೊಂಡು ಮುಂದೆ ಬಂದಳು. "ಅವಳಲ್ಲ ಸರ್, ಮಾಡಿದ್ದು ನಾನು. ಗುಳ್ಳೆ ಚೆನ್ನಾಗೇ ಇವೆ. ನಳಿಕೆ ಕೆಡಿಸಿದ್ದೂ ನಾನೇ. ನೀವು ಬರ್ತೀರಂತ ಸೋಪು ಹಾಕಿ ತಿಕ್ಕಿದೆ."

"ನನಗೆ ಮರ್ಯಾದೆ ಮಾಡೋಕೆ ಹೋಗಿ ಗುಳ್ಳೆ ಪ್ರಾಣ ತೆಗೆದ್ರಾ?"

"ಹೌದು ಸರ್. ಸೋಪು ಕಾಣದ ನಳಿಕೆ ಕಪಾಟಲ್ಲಿವೆ. ಅದ್ರಲ್ಲಿ ಹಾಕಿ ನೋಡಿ. ಆಗ್ಲೂ ಮಿನುಗಿದ್ರೆ ನಾನು ಇನ್ಯಾವತ್ತೂ ಬುರುಡೆ ಮುಟ್ಟಲ್ಲ."

ಹುಡುಗಿ ಹೊಸ ನಳಿಕೆಗಳಿಗೆ ಅದೇ ಗುಳ್ಳೆಗಳನ್ನು ಹಾಕಿದಳು. ಸತ್ವ ಬಿಟ್ಟಳು. ಹಸಿರು ಮಿನುಗಲಿಲ್ಲ. ಕಾದರು, ಆಗಲೂ ಇಲ್ಲ. ಇನ್ನೊಂದು ಬಗೆಯ ಗುಳ್ಳೆಗೆ ಸತ್ವ ಬಿಟ್ಟರೆ, ಹಳದಿ ನೋಡನೋಡುತ್ತಲೇ ಮಾಸಿ ಹೋಯಿತು. ಬೆಳ್ಳುಳ್ಳಿ ಒಳಗೆ ಹೋಗಿತ್ತು, ಪೊರೆಯ ಗೋಡೆ ಒಡೆಯದೆ ನಿಂತಿತ್ತು.

ಪ್ರೊಫೆಸರ್ ಕನ್ನಡಕ ತೆಗೆದು ಇವಳತ್ತ ತಿರುಗಿದರು. "ನಮ್ಮ ಲ್ಯಾಬಿಗೂ ಒಂದಿಷ್ಟು ಮಾಡಿಕೊಡ್ತೀರಾ ಅಮ್ಮ?"

"ಕೊಡ್ತೀನಿ ಸರ್. ಆದ್ರೆ ಇನ್ನೊಂದ್ಸಲ ಬರುವಾಗ ನಂಗೆ ಮೊದ್ಲೇ ಹೇಳ್ಬೇಡಿ."

ಇಡೀ ಪ್ರಯೋಗಾಲಯ ನಕ್ಕಿತು. ಸಿಂಕಿನ ಕೆಲಸಕ್ಕೆ ಬೇರೆಯವರು ಬಂದರು. ಬುರುಡೆ ಇವಳ ಕೈಯಲ್ಲೇ ಉಳಿಯಿತು.

ಅತ್ತೆಗೆ ಸುದ್ದಿ ಮುಟ್ಟಿದ ಮಾರನೆಯ ದಿನ ಪಕ್ಕದ ಮನೆಯಾಕೆಗೆ ಬಿಡುವೇ ಸಿಗಲಿಲ್ಲ.

"ನಮ್ಮ ಗುಳ್ಳೆಯಮ್ಮನ ಕೈ ಗುಳ್ಳೆ ಅಂದ್ರೆ ಸುಮ್ನೇನಾ? ಬೆಳ್ಳುಳ್ಳಿ ಒಳಗೇ ನುಸುಳಿದ್ರೂ ಒಡೆಯಲ್ಲ. ಪ್ರೊಫೆಸರೇ ಕೇಳಿ ಇಸ್ಕೊಳ್ತಾರೆ!"

"ಅದ್ಸರಿ, ಆ ನಾತ ಹೇಗೆ ತಡ್ಕೊಳ್ತೀರಿ?"

"ಯಾವ ನಾತ?" ಎಂದಳು ಅತ್ತೆ.