ಎಡಗೈಗೆ ಒಲಿದ ಕತ್ತರಿ

“ಇದನ್ನ ಕತ್ತರಿಸಿದ್ದು ಯಾರಮ್ಮ?” ದರ್ಜಿ ಸಾಬರು ಕನ್ನಡಕ ಮೇಲೇರಿಸಿ ಕೇಳಿದಾಗ ನನ್ನ ಜೀವ ಬಾಯಿಗೆ ಬಂತು. ಅವರ ಕೈಯಲ್ಲಿದ್ದದ್ದು ನನ್ನ ನಾದಿನಿಯ ಮದುವೆ ರವಿಕೆ. ತಂದಿದ್ದ ಒಂದೇ ಒಂದು ರೇಷ್ಮೆ ಕಣಕ್ಕೆ ಅತ್ತೆಗೂ ಹೇಳದೆ ನಾನೇ ಕತ್ತರಿ ಹಾಕಿ, ಮಿಷನ್ ಹೊಲಿಗೆ ಹಾಕಿಸಲೆಂದು ತಂದಿದ್ದೆ.

“ನಾನೇ” ಎಂದೆ.

ಅವರು ನಂಬಲಿಲ್ಲ. ಒಂದು ತುಂಡು ಬಟ್ಟೆ, ಸೀಮೆಸುಣ್ಣ, ಕತ್ತರಿ ಮುಂದಿಟ್ಟರು. ನಾನು ಗೆರೆ ಎಳೆದು ಕತ್ತರಿಸತೊಡಗಿದ್ದೇ ತಡ, ಸಾಬರು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು.

“ಅಯ್ಯೋ ಬೇಟಿ, ನಾನು ಹುಟ್ಟಿದಾಗಿಂದ ಎಡಚ ಕಣಮ್ಮ. ನೀನು ಗೆರೆ ಬಲಗೈಲಿ ಎಳೆದ್ಬುಟ್ಟು ಕತ್ತರಿ ಯಾಕೆ ಎಡಗೈಲಿ ಹಿಡ್ಕೊಂಡೆ?”

ಆಗಲೇ ನಾನು ನನ್ನ ಕೈ ನೋಡಿಕೊಂಡದ್ದು. ಕಳ್ಳಂಬೆಳ್ಳದ ಹತ್ತಿರದ ನನ್ನ ತವರಿನಲ್ಲಿ ಕತ್ತರಿಯೇ ಇರಲಿಲ್ಲ. ಮದುವೆಯಾಗಿ ಶಿರಾಕ್ಕೆ ಬಂದ ಮೇಲೆ, ಅಕ್ಕಿ ಆರಿಸುತ್ತಾ ಎದುರಂಗಡಿಯ ಸಾಬರ ಕೈಯನ್ನು ಕಿಟಕಿಯಿಂದ ಎರಡು ವರ್ಷ ನೋಡಿದ್ದೆ. ಕತ್ತರಿ ಹಿಡಿಯುವುದೇ ಹಾಗೆ ಅಂದುಕೊಂಡು, ಮಾತು ಕೇಳದ ಎಡಗೈಯನ್ನು ಹಳೇ ಪೇಪರಿನ ಮೇಲೆ ಬೈದು ಬೈದು ಪಳಗಿಸಿದ್ದೆ. ಸಾಬರ ನಗು ಕೇಳಿ ನನಗೂ ನಗು ತಡೆಯಲಾಗಲಿಲ್ಲ. ರವಿಕೆ ಒಂದಿಷ್ಟೂ ತಪ್ಪಿರಲಿಲ್ಲ. ನಾದಿನಿ ಅದನ್ನೇ ತೊಟ್ಟು ಹಸೆಮಣೆಗೆ ಕುಳಿತಳು.

ಇದು ಅರವತ್ತರ ದಶಕದ ಮಾತು. ಊಟ, ಬರಹ, ರಂಗೋಲಿ ಎಲ್ಲ ಇವತ್ತಿಗೂ ನನ್ನ ಬಲಗೈಯದೇ. ಬಟ್ಟೆ ಹರಡಿದರೆ ಮಾತ್ರ ಎಡಗೈ ತಾನಾಗಿ ಮುಂದೆ ಬರುತ್ತದೆ. ಅದು ನನ್ನ ಕೈಯಲ್ಲ, ಸಾಬರ ಕೈ.