ಅತ್ತೆ ಕೊಂಡು ತಂದ ಚೀನಾ ಬುದ್ಧ

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಹೆಮ್ಮಿಗೆಯ ನಮ್ಮತ್ತೆ, ಅಪ್ಪನ ತಂಗಿ. ಅಂಗನವಾಡಿಯಲ್ಲಿ ಟೀಚರು. ತೊಂಬತ್ತರ ದಶಕದಲ್ಲಿ ನಾನು ಕಲೆಯ ಇತಿಹಾಸ ಓದುತ್ತೇನೆಂದು ಬರೋಡಕ್ಕೆ ಹೊರಟಾಗ ಅವಳು ತಡೆಯಲಿಲ್ಲ. ಅಲ್ಲಿಂದ ದೆಹಲಿಗೆ ಹೋಗಿ ಚೀನೀ ಭಾಷೆ ಕಲಿಯತೊಡಗಿದಾಗ ಮಾತ್ರ ಕೇಳಿಯೇಬಿಟ್ಟಳು: "ಆ ದೇಸದಲ್ಲಿ ಓದ್ದೋರು ಯಾರೂ ಇಲ್ವಾ? ಅವ್ರ ಬೊಂಬೆ ನೋಡಕ್ಕೆ ನೀನೇ ಓಗ್ಬೇಕಾ?"

ಬಂಡೆ ಕೊರೆದ ಚೀನಾದ ಗುಹೆಗಳಲ್ಲಿರುವ ಬುದ್ಧನ ಮೂರ್ತಿಗಳ ಮೇಲೆ ಪಿಎಚ್.ಡಿ. ಮಾಡಿದೆ. ಕೆಲಸ ಸಿಗುವುದು ತಡವಾಯಿತು. ಅಷ್ಟು ವರ್ಷವೂ ಅತ್ತೆ, ಕೇಳಿದವರಿಗೆಲ್ಲ "ಮೇಷ್ಟ್ರಾಗಕ್ಕೆ ಓದ್ತಾವ್ಳೆ" ಎಂದು ಮಾತು ಮುಗಿಸುತ್ತಿದ್ದಳು. ಕೊನೆಗೆ ಹೊರರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳಲು ಸೇರಿದೆ.

ಅದಾದ ಕೆಲವು ವರ್ಷಕ್ಕೆ, ಬೌದ್ಧರಾಗಿದ್ದ ನಮ್ಮ ಬೀದಿಯವರು ಒಂದು ಸಮುದಾಯ ಭವನ ಕಟ್ಟಿದರು. ಅಲ್ಲಿಗೆ ಬುದ್ಧನ ಮೂರ್ತಿ ತರುವ ಮಾತು ಇನ್ನೂ ನಡೆಯುತ್ತಿತ್ತು. ಅಷ್ಟರಲ್ಲಿ ಮೀಟಿಂಗಿಗೆಂದು ನರಸೀಪುರಕ್ಕೆ ಹೋದ ಅತ್ತೆ, ಬಸ್‌ಸ್ಟ್ಯಾಂಡ್ ಹತ್ತಿರದ ಫ್ಯಾನ್ಸಿ ಸ್ಟೋರಿನಲ್ಲಿ ಡೊಳ್ಳುಹೊಟ್ಟೆ ಬಿಟ್ಟು ನಗುತ್ತಾ ಕೂತ ಹಳದಿ ಬೊಂಬೆಯೊಂದನ್ನು ಕಂಡಳು. "ಬುದ್ಧ ಕಣಮ್ಮ, ಚೀನಾದ್ದು" ಅಂದನಂತೆ ಅಂಗಡಿಯವನು. ಚೀನಾ ಅಂದದ್ದೇ ಸಾಕಾಯಿತು. ಕೊಂಡು ತಂದು ಭವನದ ಮೇಜಿನ ಮೇಲಿಟ್ಟಳು.

ಬೀದಿಯ ಯಜಮಾನರು ಸಿಡಿದೆದ್ದರು. "ಬುದ್ಧ ಭಗವಾನ್ರು ಇಂಗೆ ಒಟ್ಟೆ ಬುಟ್ಕಂಡು ಕೂರ್ತಿದ್ರಾ?"

"ನಮ್ ಕೂಸು ಬಂದು ಏಳ್ಲಿ. ಇಷ್ಟ್ ವರ್ಸ ಅದನ್ನೇ ತಾನೆ ಅವ್ಳು ಓದಿರದು?" ಎಂದಳು ಅತ್ತೆ.

ರಜಕ್ಕೆ ಬಂದವಳನ್ನು ಬ್ಯಾಗು ಇಳಿಸುವ ಮೊದಲೇ ಭವನಕ್ಕೆ ಕರೆದೊಯ್ದರು. ಬೀದಿಗೆ ಬೀದಿಯೇ ಸೇರಿತ್ತು. ಬ್ಯಾಗಿನಲ್ಲಿದ್ದ ಗುಹೆಮೂರ್ತಿಗಳ ಫೋಟೋಗಳನ್ನು ಕೈಯಿಂದ ಕೈಗೆ ದಾಟಿಸಿ ಹೇಳಿದೆ: ಈತ ನಮ್ಮ ಗೌತಮ ಬುದ್ಧನಲ್ಲ, ಚೀನಾದ ಒಬ್ಬ ಭಿಕ್ಕು, ಜೋಳಿಗೆ ಹೊತ್ತು ಊರೂರು ಅಲೆದವನು. ಮುಂದೆ ಹುಟ್ಟಲಿರುವ ಮೈತ್ರೇಯ ಬುದ್ಧನೇ ಈತನಾಗಿ ಬಂದಿದ್ದ ಎಂದು ಅಲ್ಲಿಯ ಜನ ನಂಬುತ್ತಾರೆ. ಹಳೆಯ ಗುಹೆಗಳಲ್ಲಿ ಅದೇ ಮೈತ್ರೇಯ ಕಿರೀಟ ಇಟ್ಟುಕೊಂಡು, ಸಣ್ಣ ನಡುವಿನವನಾಗಿ ಕೂತಿದ್ದಾನೆ.

"ಆಮೇಲೆ ಚೆನ್ನಾಗಿ ಉಂಡವ್ನೆ ಬುಡು" ಅಂದರು ಯಾರೋ.

"ಆ ಜೋಳ್ಗೇಲಿ ಏನೈತವ್ವ?" ಎಂದು ಒಬ್ಬ ಅಜ್ಜಿ ಕೇಳಿದಳು. ಮಕ್ಕಳಿಗೆ ಹಂಚಲು ತಿಂಡಿ ಎಂದೆ. ಸೆಮಿನಾರುಗಳಲ್ಲಿ ನನ್ನನ್ನು ಅಷ್ಟು ಆಸೆಯಿಂದ ಯಾರೂ ಏನೂ ಕೇಳಿರಲಿಲ್ಲ.

ಯಜಮಾನರು ಯೋಚಿಸಿ ಹೇಳಿದರು: "ಅಂಗಾರೆ ಇವ್ರು ಇನ್ನೂ ಬುದ್ಧ ಆಗಿಲ್ಲ. ಆಗ್ದೆ ಇರೋರ್ನ ಭವನದಲ್ಲಿ ಕೂರ್ಸದೆಂಗವ್ವ?"

"ನೀವು ಹೇಳೋದೂ ಸರಿ, ದೊಡ್ಡಪ್ಪ" ಎನ್ನದೆ ವಿಧಿಯಿರಲಿಲ್ಲ. ಅಳುಕುತ್ತಲೇ ಅತ್ತೆಯ ಕಡೆ ನೋಡಿದೆ. ಅವಳು ಎದ್ದು ಬೊಂಬೆಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು.

"ಬುಡಿ, ಬುದ್ಧ ಆಗೋ ಗಂಟ ನಮ್ಮನೇಲಿರ್ಲಿ."

ಎಲ್ಲರಿಗಿಂತ ಜೋರಾಗಿ ನಕ್ಕವರು ಯಜಮಾನರೇ. ಮಾರನೆಯ ದಿನ ತಾವೇ ಮನೆಗೆ ಬಂದು, ಧ್ಯಾನದ ಬುದ್ಧನನ್ನು ಆರಿಸಲು ನನ್ನನ್ನೂ ಅತ್ತೆಯನ್ನೂ ಮೈಸೂರಿಗೆ ಹೊರಡಿಸಿದರು. ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂತು, "ಆ ಬಂಡೆ ಕೊರೆಯಕ್ಕೆ ಎಷ್ಟ್ ಜನ ಬೇಕಾಯ್ತೋ? ಅವ್ರಿಗೆ ಇಟ್ಟು-ಸಾರು ಬೇಯಿಸ್ತಿದ್ದೋರು ಯಾರು?" ಅಂದಳು. ನನ್ನ ಓದಿನ ಬಗ್ಗೆ ಅವಳು ತಿಳಿಯಬೇಕೆಂದು ಕೇಳಿದ್ದು ಅದೇ ಮೊದಲು. ಗೊತ್ತಿದ್ದಷ್ಟು ಹೇಳುತ್ತಾ ಹೋದೆ. ಮೈಸೂರು ಬಂದರೂ ಅವಳ ಪ್ರಶ್ನೆ ಮುಗಿದಿರಲಿಲ್ಲ.