ಬನಶಂಕರಿ ಒರೆಸಿದ ಕೆಂಪು ಅಕ್ಷರ

ಬನಶಂಕರಿಯ ಅರ್ಧ ಆಯುಷ್ಯ ಬೆಂಗಳೂರಿನ ವಿಮಾನ ನಿಲ್ದಾಣದ ರೇಡಿಯೊ ಕೋಣೆಯಲ್ಲಿ ಕಳೆದಿತ್ತು. ಮಂಜಿನಲ್ಲಿ ರನ್‌ವೇ ಕಾಣದ ಪೈಲಟ್‌ಗೆ ಇಳಿಯುವ ದಾರಿ ತೋರುವ ಯಂತ್ರಗಳು ಅವಳ ಸುಪರ್ದಿಯಲ್ಲಿದ್ದವು. ನಿವೃತ್ತಿಯಾಗಿ ಅಡಿಲೇಡಿನ ಮಾಸನ್ ಲೇಕ್ಸ್‌ಗೆ ಮಗಳ ಮನೆಗೆ ಬಂದ ಮೇಲೆ ಕೈಗೆ ಕೆಲಸವಿಲ್ಲದೆ ಚಡಪಡಿಸಿದಳು. ಹತ್ತಿರದ ಹಳೆಯ ವಿಮಾನಗಳ ಸಣ್ಣ ಮ್ಯೂಸಿಯಂಗೆ ಸ್ವಯಂಸೇವಕರು ಬೇಕೆಂದು ತಿಳಿದ ವಾರವೇ ಹೋಗಿ ಸೇರಿಕೊಂಡಳು.

2014ರ ಜುಲೈ ಚಳಿಯಲ್ಲಿ ಬ್ರಿಸ್ಬೇನಿನ ಹೊರವಲಯದ ಯಾರದೋ ಶೆಡ್ಡಿನಿಂದ ಯುದ್ಧಕಾಲದ ಟ್ರಾನ್ಸ್‌ಮಿಟರೊಂದು ಬಂತು. ಒಂದು ಬಯಲಿನಿಂದ ಇನ್ನೊಂದಕ್ಕೆ ಲಾರಿಯಲ್ಲಿ ಹೊತ್ತೊಯ್ದು ರನ್‌ವೇ ತುದಿಯಲ್ಲಿ ನಿಲ್ಲಿಸುತ್ತಿದ್ದ ಯಂತ್ರ. ಅದರ ರೇಡಿಯೊ ಅಲೆ ಹಿಡಿದು ಪೈಲಟ್ ಎದುರಿನ ಮೀಟರಿನಲ್ಲಿ ಎರಡು ಮುಳ್ಳುಗಳು ನಟ್ಟನಡುವೆ ಕೂಡಿದರೆ ವಿಮಾನ ಸರಿದಾರಿಯಲ್ಲಿದೆ ಎಂದರ್ಥ. ತವರಿನ ನೆಂಟರು ಬಂದಷ್ಟೇ ಹಿಗ್ಗಿದಳು ಬನಶಂಕರಿ.

ಅಕ್ಟೋಬರ್‌ನಲ್ಲಿ ಆಯುಧಪೂಜೆ ಬಂತು. ಪೂಜೆಯ ಹಿಂದಿನ ದಿನ ಯಂತ್ರಗಳನ್ನು ಸ್ಪಿರಿಟ್ ಹಾಕಿ ತಿಕ್ಕಿ ಹೊಳಪು ಬರಿಸುವುದು ಅವಳ ಹಳೆಯ ಕಚೇರಿಯ ಪದ್ಧತಿ. ಇಲ್ಲಿಯೂ ಬಟ್ಟೆ ಹಿಡಿದು ಕೂತಳು. ಆ ಟ್ರಾನ್ಸ್‌ಮಿಟರಿನ ಒಂದು ಗುಂಡಿಯ ಪಕ್ಕದಲ್ಲಿ ಮೇಣದ ಪೆನ್ಸಿಲ್‌ನ ಕೆಂಪು ಅಕ್ಷರಗಳಿದ್ದವು: ‘ಇದನ್ನು ತಿರುಗಿಸಬೇಡಿ. ಹ್ಯಾರಿ.’ ಅವಳ ಕೈ ಒಂದು ಗಳಿಗೆ ನಿಂತಿತು. ಕೊಳೆಯ ಮೇಲೆ ಕುಂಕುಮ ಇಡುವುದು ಹೇಗೆ ಎಂದುಕೊಂಡು ಒರೆಸಿಯೇಬಿಟ್ಟಳು.

ದೀಪಾವಳಿ ಕಳೆದ ಮೇಲೆ ಪರ್ತ್‌ನಿಂದ ಬೆರಿಲ್ ಎಂಬ ವೃದ್ಧೆಯ ಫೋನ್ ಬಂತು. ಯಂತ್ರ ಬಂದಾಗಲೇ ಮ್ಯೂಸಿಯಂ ಇಂಟರ್ನೆಟ್ಟಿಗೆ ಹಾಕಿದ್ದ ಆ ಅಕ್ಷರಗಳ ಫೋಟೊ ನೋಡಿದ್ದರಂತೆ. ಯುದ್ಧಕಾಲದಲ್ಲಿ ಆ ಯಂತ್ರ ನೋಡಿಕೊಳ್ಳುತ್ತಿದ್ದ ಹ್ಯಾರಿ ಅವರ ತಂದೆ. ಮಗಳು ತೊಟ್ಟಿಲಲ್ಲಿದ್ದಾಗಲೇ ಯುದ್ಧದಲ್ಲಿ ತೀರಿಕೊಂಡವರು. ಅವರ ಕೈಬರಹ ಬೇರೆಲ್ಲೂ ಉಳಿದಿಲ್ಲ. ಅದನ್ನು ನೋಡಲು ಮುಂದಿನ ಶನಿವಾರ ಬರುತ್ತಾರೆ.

ಅಕ್ಷರ ಅಳಿಸಿಹೋಗಿದೆ ಎಂದು ಬನಶಂಕರಿ ಫೋನಿನಲ್ಲಿ ಹೇಳಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಮೈಸೂರಿನ ಗಣಪತಿಗೆ ಮಾತ್ರ ಹೇಳಿಕೊಂಡಳು.

“ಫೋಟೊ ಇದೆಯಲ್ಲ ಮೇಡಂ, ನೋಡ್ಕೊಂಡು ಮತ್ತೆ ಬರೆದ್ಬಿಡಿ,” ಎಂದ ಆತ. “ಆಯಮ್ಮ ಏನು ಭೂತಗನ್ನಡಿ ತರ್ತಾರಾ?”

“ನಿಮಗೆ ಇದೆಲ್ಲ ಅಭ್ಯಾಸ ಅಂತ ಕಾಣುತ್ತೆ.”

“ಪ್ರೋಗ್ರೆಸ್ ಕಾರ್ಡಿಗೆ ನಮ್ಮಪ್ಪನ ಸೈನ್ ನಾನೇ ಹಾಕ್ತಿದ್ದೆ. ಒಂದು ಸಲಾನೂ ಸಿಕ್ಕಿಬಿದ್ದಿಲ್ಲ.”

ಅವಳಿಗೆ ನಗು ಬರಲಿಲ್ಲ. ಆದರೂ ಶುಕ್ರವಾರ ಹೋಗಿ, ಫೋಟೊ ಎದುರಿಗಿಟ್ಟುಕೊಂಡು ಬರೆದಳು. ಚೂರೂ ವ್ಯತ್ಯಾಸ ಕಾಣಲಿಲ್ಲ. ಅಷ್ಟು ಚೆನ್ನಾಗಿ ಬಂದದ್ದೇ ಅವಳಿಗೆ ಹೇಸಿಗೆ ತಂದಿತು.

ಬೆರಿಲ್ ಬಂದರು. ಕೋಲೂರಿಕೊಂಡು ಯಂತ್ರದ ಮುಂದೆ ಬಗ್ಗಿ, ಬೆರಳನ್ನು ಅಕ್ಷರದ ಹತ್ತಿರ ಒಯ್ದು ತಡೆದರು.

“ಮುಟ್ಟಬಹುದಾ? ಅಳಿಸಿಹೋಗುತ್ತೇನೋ.”

ಗಣಪತಿ ಹಿಂದಿನಿಂದ ಕೆಮ್ಮಿದ. ಬನಶಂಕರಿ ಅತ್ತ ನೋಡಲಿಲ್ಲ.

“ಮುಟ್ಟಿ. ಅದು ನಿಮ್ಮ ತಂದೆ ಬರೆದದ್ದಲ್ಲ. ನಿನ್ನೆ ನಾನು ಬರೆದದ್ದು.”

ಪೂಜೆಯ ವಿಷಯ ಹೇಳಿದಳು, ಒರೆಸಿದ್ದನ್ನು ಹೇಳಿದಳು. ಬೆರಿಲ್ ಪೂರ್ತಿ ಕೇಳಿಸಿಕೊಂಡರು.

“ಒರೆಸೋ ಮುಂಚೆ ಓದಿದ್ರಾ?”

“ಓದಿದ್ದೆ.”

“ಹೆಸರೂ?”

“ಹೆಸರೂ.”

“ಹಾಗಾದ್ರೆ ಬಟ್ಟೆ ಕೊಡಿ.”

ಬನಶಂಕರಿ ಬಟ್ಟೆಗೆ ಸ್ಪಿರಿಟ್ ಹಾಕಿ ಕೊಟ್ಟಳು. ಬೆರಿಲ್ ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದರಲ್ಲಿ ಆ ಸುಳ್ಳು ಅಕ್ಷರಗಳನ್ನು ನಿಧಾನವಾಗಿ ಉಜ್ಜಿದರು. ಬಟ್ಟೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟು, ಫೋಟೊದ ದೊಡ್ಡ ಪ್ರತಿಯೊಂದನ್ನು ಪರ್ತ್‌ಗೆ ಕಳಿಸಿ ಎಂದು ಹೇಳಿ, ಟ್ಯಾಕ್ಸಿ ಹತ್ತಿದರು. ಕ್ಷಮಿಸಿದೆ ಎನ್ನಲಿಲ್ಲ, ಬನಶಂಕರಿಯೂ ಕೇಳಿರಲಿಲ್ಲ.

“ಬಾಯಿ ಮುಚ್ಕೊಂಡಿದ್ರೆ ಖುಷಿಯಾಗಿ ಹೋಗ್ತಿದ್ರು,” ಎಂದ ಗಣಪತಿ.

“ಹೌದು,” ಎಂದಳು ಬನಶಂಕರಿ. ಬಟ್ಟೆಯ ಕೆಂಪು ಅವಳ ಅಂಗೈಗೂ ಹತ್ತಿತ್ತು.